ಹೊಸ ಕನ್ವರ್ಟರ್ ಹಾಕಿಸುವ ಮುನ್ನ ಪ್ಲಗ್ ಬಿಚ್ಚಿ ನೋಡಿ

ಕಳೆದ ಮಳೆಗಾಲದಲ್ಲಿ ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರೊಂದು ನಮ್ಮ ಗ್ಯಾರೇಜಿಗೆ ಬಂತು. ಪಿಕಪ್ ಇಲ್ಲ, ಸಣ್ಣ ಏರಿಗೂ ಏದುಸಿರು. ಸ್ಕ್ಯಾನರ್ ಹಾಕಿದರೆ ಪಿ 0420, ಅಂದರೆ ಎಂಜಿನ್ ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಕೋಡ್. "ಎಂಟು ತಿಂಗಳ ಹಿಂದಷ್ಟೇ ಬೇರೆ ಕಡೆ ಹೊಸದು ಹಾಕಿಸಿದ್ದೇನೆ. ಮತ್ತೆ ಹೋಯಿತೆಂದರೆ ಹೇಗೆ ಸಾರ್?" ಎಂದರು ಮಾಲೀಕರು. ಹಳೆಯದನ್ನು ಕೊಂದ ಕಾಯಿಲೆ ಎಂಜಿನ್‌ನಲ್ಲಿ ಹಾಗೆಯೇ ಉಳಿದಿತ್ತು.

ಕನ್ವರ್ಟರ್ ಇಳಿಸಿ ಒಳಕ್ಕೆ ಟಾರ್ಚ್ ಬಿಟ್ಟೆವು. ಒಳಗಿರುವುದು ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ. ಅದರ ಸಣ್ಣ ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪ. ಈ ಕಾರಿನದರಲ್ಲಿ ನಡುಭಾಗಕ್ಕೆ ಕಿಂಡಿಗಳೇ ಇರಲಿಲ್ಲ. ಪಾಕ ತಪ್ಪಿದ ಬೆಲ್ಲದಂತೆ ಕರಗಿ ಹೆಪ್ಪುಗಟ್ಟಿತ್ತು. ಕನ್ವರ್ಟರ್ ಸಾಮಾನ್ಯವಾಗಿ ದುಡಿಯುವುದು 400ರಿಂದ 800 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಆ ಸೆರಾಮಿಕ್ ಕರಗಲು ಸುಮಾರು 1,400 ಡಿಗ್ರಿ ಬೇಕು. ಉಳಿದ ಬಿಸಿ ಎಲ್ಲಿಂದ ಬಂತು?

ಮೂರನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್‌ನಿಂದ, ಅಂದರೆ ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗದಿಂದ. ಎಂಜಿನ್ ತಣ್ಣಗಿದ್ದಾಗ ಅದು ಸಭ್ಯವಾಗಿರುತ್ತಿತ್ತು, ಕಾದಮೇಲೆ ಮಿಸ್ ಹೊಡೆಯುತ್ತಿತ್ತು. ಕಿಡಿ ಹಾರದಿದ್ದರೆ ಪೆಟ್ರೋಲ್, ಗಾಳಿ ಎರಡೂ ಉರಿಯದೆ ಹೊರಬಿದ್ದು ಕನ್ವರ್ಟರಿನೊಳಗೆ ಉರಿಯುತ್ತವೆ. "ಇನ್ನೊಂದು ವಾರ ಓಡಲಿ" ಎನ್ನುವ ಆ ಒಂದು ವಾರದಲ್ಲಿ ನಡೆಯುವುದು ಇದೇ. ಚೆಕ್ ಎಂಜಿನ್ ದೀಪ ಮಿನುಗಿದರಂತೂ ಕಾಲು ಹಗುರ ಮಾಡಿ, ಆದಷ್ಟು ಬೇಗ ಗಾಡಿ ನಿಲ್ಲಿಸಿ.

ಆಯಿಲ್ ಕುಡಿಯುವ ಎಂಜಿನ್ ಕೊಲ್ಲುವುದು ನಿಧಾನವಾಗಿ. ಸವೆತ ತಡೆಯಲೆಂದು ಆಯಿಲ್‌ಗೆ ರಂಜಕ ಮತ್ತು ಸತುವಿನ ಸಂಯುಕ್ತ ಬೆರೆಸಿರುತ್ತಾರೆ. ಪಿಸ್ಟನ್ ರಿಂಗ್ ಸವೆದು, ವಾಲ್ವ್ ಸೀಲ್ ಒಣಗಿ ಆಯಿಲ್ ಉರಿಯತೊಡಗಿದರೆ ಇವು ಲೇಪದ ಮೇಲೆ ಪದರ ಕಟ್ಟುತ್ತವೆ. ಕಿಂಡಿ ತೆರೆದೇ ಇರುತ್ತದೆ, ಪಿಕಪ್ಪೂ ಕುಂದುವುದಿಲ್ಲ, ಕನ್ವರ್ಟರ್ ಮಾತ್ರ ಹೆಸರಿಗಷ್ಟೇ. ಬೆಳಗಿನ ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಬಂದರೆ ಡಿಪ್‌ಸ್ಟಿಕ್ ಎಳೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೊರಗೆಲ್ಲೂ ಸೋರದೆ ಕೂಲೆಂಟ್ ಇಳಿಯುತ್ತಿದ್ದರೆ ಎಂಜಿನ್ ತಲೆಭಾಗದ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನವಿರಲಿ. ಒಳಗೆ ಸೋರಿದ ಕೂಲೆಂಟ್ ಕೂಡ ಇದೇ ದಾರಿಯಲ್ಲಿ ಬಂದು ಲೇಪ ಕೆಡಿಸುತ್ತದೆ.

ಲೇಪ ಕೆಡಿಸುತ್ತಿದ್ದ ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ 2000ದಲ್ಲೇ ನಿಂತಿತು. ಆದರೂ ಕನ್ವರ್ಟರ್ ಹೋದರೆ ಜನ ಮೊದಲು ಬಯ್ಯುವುದು ಬಂಕನ್ನು!

ಕಾದ ಕನ್ವರ್ಟರ್ ನಿಂತ ನೀರಿಗಿಳಿದರೆ, ಹಂಪ್‌ಗೆ ತಳ ಬಡಿದರೆ ಇಟ್ಟಿಗೆ ಬಿರುಕು ಬಿಡಬಹುದು. ಅಂಥದ್ದನ್ನು ತಣ್ಣಗಾದ ಮೇಲೆ ಕೈಯಿಂದ ತಟ್ಟಿದರೆ ಗಿಲಕಿಯಂತೆ ಸದ್ದು ಬರುತ್ತದೆ.

ಕೋಡ್ ಬಂದ ಮಾತ್ರಕ್ಕೆ ಕನ್ವರ್ಟರ್ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಕನ್ವರ್ಟರಿನ ಹಿಂದಿರುವ ಆಕ್ಸಿಜನ್ ಸೆನ್ಸರ್ ಕೆಟ್ಟಿದ್ದರೂ, ಅದರ ಹತ್ತಿರ ಪೈಪ್ ಸೋರುತ್ತಿದ್ದರೂ ಅದೇ ಕೋಡ್ ಬರಬಹುದು. ಕನ್ವರ್ಟರ್ ಕಟ್ಟಿಕೊಂಡಿದೆಯೇ ಎಂದು ತಿಳಿಯಲು ಅದರ ಮುಂದಿರುವ ಸೆನ್ಸರ್ ತೆಗೆದು ಆ ಜಾಗಕ್ಕೆ ಪ್ರೆಶರ್ ಗೇಜ್ ಕೂರಿಸುತ್ತೇವೆ. 2,500 ಆರ್‌ಪಿಎಂನಲ್ಲಿ ಮುಳ್ಳು 3 ಪಿಎಸ್‌ಐ (ಒತ್ತಡದ ಅಳತೆ) ದಾಟಿದರೆ ದಾರಿ ಮುಚ್ಚಿದೆ ಎಂದರ್ಥ. "ಒಳಗಿನದನ್ನು ಒಡೆದು ಖಾಲಿ ಪೈಪ್ ಮಾಡಿಬಿಡಿ" ಎನ್ನುವವರೂ ಬರುತ್ತಾರೆ. ಅದು ಕಾನೂನಿಗೆ ವಿರುದ್ಧ; ಅವರಿಗೆ ಚಹಾ ಕುಡಿಸಿ ಕಳುಹಿಸುತ್ತೇನೆ.

ಆ ಕಾರಿಗೆ ಮೊದಲು ಕಾಯಿಲ್, ನಾಲ್ಕು ಪ್ಲಗ್ ಹಾಕಿದೆವು. ಬಿಚ್ಚಿದ ಪ್ಲಗ್‌ಗಳ ತುದಿ ಸವೆದು ಮೊಂಡಾಗಿತ್ತು. ಎರಡು ದಿನ ಓಡಿಸಿ, ಮಿಸ್ಸಿಂಗ್ ಇಲ್ಲವೆಂದು ಖಚಿತವಾದ ಮೇಲೆಯೇ ಕನ್ವರ್ಟರ್ ತರಿಸಿದೆವು. ಬಿಲ್ಲಿನಲ್ಲಿ ಕಾಯಿಲ್‌ನ ದರ ನೋಡಿದ ಮಾಲೀಕರು ಅದರ ಕೆಳಗಿನ ಸಾಲನ್ನು ಬಹಳ ಹೊತ್ತು ನೋಡುತ್ತಿದ್ದರು.