ಪೊಟ್ಟಣದಲ್ಲಿ ಅಮ್ಮನ ಗುಲಾಬಿ ಇಲ್ಲ

"ಅಮ್ಮ ನೆಟ್ಟಿದ್ದ ಗುಲಾಬಿಯ ಬೀಜ ತಂದಿದ್ದೇನೆ. ಗಿಡ ಮುದಿಯಾಗಿತ್ತು, ಕಡಿಸಿಬಿಟ್ಟೆ." ಯಾರಾದರೂ ಹೀಗೆಂದು ಕಾಗದದ ಪೊಟ್ಟಣ ಮುಂದಿಟ್ಟರೆ ನನಗೆ ಮೊದಲು ಬರುವುದು ಸಿಟ್ಟು. ಅದನ್ನು ನುಂಗಿಕೊಂಡು, ಕಡಿದ ಕೊಂಬೆಗಳನ್ನು ಎಲ್ಲಿ ಹಾಕಿದ್ದೀರಿ ಎಂದು ಕೇಳುತ್ತೇನೆ.

ಎಷ್ಟು ಸಲ ಹೇಳಿದರೂ ಇನ್ನೊಮ್ಮೆ ಹೇಳಬೇಕಾಗಿದೆ. ಹಳೆಯ ತಳಿಯ ಗುಲಾಬಿ, ಡೇಲಿಯಾ, ಸೇಬುಗಳ ಬೀಜ ಆ ಗಿಡವಲ್ಲ, ಆ ಗಿಡದ ಮಗು. ಅಪ್ಪ ಯಾರೆಂಬುದು ಜೇನುನೊಣಕ್ಕೇ ಗೊತ್ತು. ತನ್ನದೇ ಪರಾಗದಿಂದ ಕಾಯಿ ಕಟ್ಟಿದರೂ, ಮಿಶ್ರ ತಳಿಯೊಳಗೆ ಅಡಗಿದ ಗುಣಗಳು ಒಂದೊಂದು ಬೀಜಕ್ಕೆ ಒಂದೊಂದು ರೀತಿ ಹಂಚಿಹೋಗುತ್ತವೆ. ಅದೇ ಬಣ್ಣ, ಅದೇ ಪರಿಮಳ ಬೇಕೆಂದರೆ ಕಡ್ಡಿ ನೆಡಬೇಕು, ಗೂಟಿ ಕಟ್ಟಬೇಕು (ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಬೇಕು), ಕಸಿ ಮಾಡಬೇಕು, ಇಲ್ಲವೇ ಗೆಡ್ಡೆ ಬಿಡಿಸಬೇಕು. ಇಂಗ್ಲೆಂಡಿನ ಸೌತ್‌ವೆಲ್‌ನಲ್ಲಿ 1809ರಲ್ಲಿ ಮೇರಿ ಆನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ ಊರಿದ ಬೀಜದಿಂದ ಬ್ರಾಮ್ಲಿ ಸೇಬಿನ ಮೊದಲ ಮರ ಹುಟ್ಟಿತು. ಇಂದಿನ ಬ್ರಾಮ್ಲಿಗಳೆಲ್ಲ ಕಸಿಯಿಂದ ಕಸಿಗೆ ದಾಟಿ ಬಂದ ಅದೇ ಮರ. ಮೂಲ ಮರಕ್ಕೆ ಶಿಲೀಂಧ್ರ ರೋಗ ತಗುಲಿದರೂ ತಳಿಗೆ ಏನೂ ಆಗಲಿಲ್ಲ.

ಹಾಗೆಂದು ಬೀಜವೇ ಬೇಡವೆಂದಲ್ಲ. ಹುರುಳಿಕಾಯಿ, ಟೊಮೆಟೊಗಳ ಹಳೆಯ ತಳಿಗಳು ಸಾಮಾನ್ಯವಾಗಿ ಬೀಜದಿಂದಲೇ ಹಾಗೇ ಬರುತ್ತವೆ. ಕಾಡುಜಾತಿಗಳಿಗಂತೂ ಬೀಜವೇ ಲೇಸು, ವೈವಿಧ್ಯ ಉಳಿಯುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ ಸಸ್ಯಶಾಸ್ತ್ರಜ್ಞರಾದ ಬಾರ್ಟ್ರಮ್ ತಂದೆ-ಮಗ 1765ರಲ್ಲಿ ಕಂಡ ಫ್ರಾಂಕ್ಲಿನಿಯಾ ಮರ 1803ರ ನಂತರ ಕಾಡಿನಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಅವರು ಬೀಜ ತಂದು ಬೆಳೆಸಿ, ಇತರರಿಗೂ ಹಂಚಿದ್ದರಿಂದ ತೋಟಗಳಲ್ಲಿ ಉಳಿದಿದೆ. ಕಡ್ಡಿಗೂ ಅದರದೇ ತೊಂದರೆಯಿದೆ: ತಾಯಿಗಿಡದಲ್ಲಿ ವೈರಸ್ ಇದ್ದರೆ ಅದೂ ಜೊತೆಗೇ ಬರುತ್ತದೆ. ಎಲೆಯಲ್ಲಿ ಹಳದಿ ಮಚ್ಚೆ, ಗೆರೆಗಳು ಕಂಡರೆ ತಿಳಿದವರಿಗೆ ತೋರಿಸದೆ ಯಾರಿಗೂ ಕೊಡಬೇಡಿ.

ಒಮ್ಮೆ ಹೀಗೆ ಪೊಟ್ಟಣ ತಂದವರೊಬ್ಬರ ಮನೆಗೆ ಆ ಸಂಜೆಯೇ ಹೋದೆ. ಕೊಂಬೆಗಳನ್ನು ಸುಟ್ಟಾಗಿತ್ತು. ಮೋಟಿನ ಬಳಿ ಎರಡು ಚಿಗುರುಗಳಿದ್ದವು, ಒಂದು ಹುಲುಸಾಗಿ, ಇನ್ನೊಂದು ಬಡಕಲಾಗಿ. ಅವರಿಗೆ ಹುಲುಸಾದದ್ದರ ಮೇಲೆ ಆಸೆ. ಮಣ್ಣು ಕೆದಕಿ ನೋಡಿದರೆ ಅದು ಕಸಿಗಂಟಿನ ಕೆಳಗಿನಿಂದ ಎದ್ದಿತ್ತು, ಅಂದರೆ ಕಸಿಗೆ ಬೇರಾಗಿ ಬಳಸಿದ ಬೇರೆ ಗುಲಾಬಿಯದು, ಬೇರುಗಿಡದ್ದು, ಅಮ್ಮನ ಗುಲಾಬಿಯದಲ್ಲ. (ಒಂದು ಎಲೆಯಲ್ಲಿ ಏಳು ಕಿರುಎಲೆಗಳಿದ್ದರೆ ಬೇರುಗಿಡ ಎಂಬ ಮಾತನ್ನು ನಂಬಬೇಡಿ. ಚಿಗುರು ಎಲ್ಲಿಂದ ಹೊರಟಿದೆ ಎಂದು ನೋಡಿ.) ಅದನ್ನು ಬುಡದಿಂದ ಕಿತ್ತುಹಾಕಿದಾಗ ಅವರ ಮುಖ ಬಾಡಿತು.

ಬಡಕಲು ಚಿಗುರು ಬಲಿಯುವವರೆಗೆ ಕಾದು ಐದು ಕಡ್ಡಿ ಕತ್ತರಿಸಿದೆವು. ಮೂರು ಬೇರು ಬಿಟ್ಟವು. ಮೂರನ್ನೂ ತಮ್ಮ ಅಂಗಳದಲ್ಲೇ ನೆಡುವುದಾಗಿ ಹೇಳಿದರು. ಒಂದನ್ನು ತಂಗಿಯ ಮನೆಗೆ ಕಳಿಸಿ ಎಂದೆ. ತಂಗಿಯೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವಂತೆ.

"ಗಿಡದ ಜೊತೆ ಚೀಟಿ ಇಟ್ಟರೆ ಸಾಕು," ಎಂದೆ.