ಕಾಗೆ ಬರೆಯಲು ಹೋದರೆ ಕಪ್ಪು ಮುದ್ದೆ ಆಗುತ್ತದಲ್ಲ, ಯಾಕೆ?

ಓದುಗರ ಪ್ರಶ್ನೆ: ‘ನಮ್ಮ ಬೀದಿಯ ಹಕ್ಕಿಗಳನ್ನು ಮಿಕ್ಸ್ಡ್ ಮೀಡಿಯಾದಲ್ಲಿ ಮಾಡುತ್ತಿದ್ದೇನೆ. ಪೇಪರ್ ಚೂರು, ಅಕ್ರಿಲಿಕ್, ಪೇಸ್ಟಲ್ ಎಲ್ಲ ಬಳಸುತ್ತೇನೆ. ಗಿಳಿ, ಪಾರಿವಾಳ ಹೇಗೋ ಬರುತ್ತವೆ. ಕಾಗೆ ಮಾತ್ರ ಪ್ರತಿ ಸಲ ಕಪ್ಪು ಮುದ್ದೆ. ಏನು ಮಾಡಲಿ?’

ಕಪ್ಪು ಬಣ್ಣದ ಟ್ಯೂಬನ್ನು ಮೊದಲೇ ತೆಗೆಯಬೇಡಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಮಿಕ್ಕರ್ಧಕ್ಕೆ ಕಾಗೆಯನ್ನು ಸರಿಯಾಗಿ ನೋಡಬೇಕು. ಬೆಂಗಳೂರಲ್ಲಿ ಅದಕ್ಕೇನು ಕಷ್ಟ? ಬೆಳಿಗ್ಗೆ ಎಂಟರ ಹೊತ್ತಿಗೆ, ಬಿಸಿಲು ಓರೆಯಾಗಿ ಬೀಳುವಾಗ, ಕರೆಂಟ್ ತಂತಿ ಮೇಲೋ ಓವರ್‌ಹೆಡ್ ಟ್ಯಾಂಕ್ ಮೇಲೋ ಕೂತದ್ದನ್ನು ನೋಡಿ. ಊರ ಕಾಗೆಯ ಕುತ್ತಿಗೆ, ಹೆಗಲು, ಎದೆ ಬೂದು ಬಣ್ಣ. ಹಣೆ, ನೆತ್ತಿ, ಗಂಟಲು ಕಪ್ಪು. ರೆಕ್ಕೆ ಮೇಲೆ ನೀಲಿ, ನೇರಳೆ, ಕೆಲವು ಕಡೆ ಹಸಿರು ಮಿಂಚುತ್ತದೆ. ಹಳೆಯ ಗರಿಗಳ ಅಂಚು ಸವೆದು ಕಂದು ತಿರುಗಿರುತ್ತದೆ. ಮೈಪೂರ್ತಿ ಕಪ್ಪಾಗಿದ್ದು ಕೊಕ್ಕು ದಪ್ಪ ಇದ್ದರೆ ಅದು ಕಾಡು ಕಾಗೆ. ಲಾಲ್‌ಬಾಗ್‌ನಂಥ ಮರ ಜಾಸ್ತಿ ಇರುವ ಕಡೆ ಅದೂ ಸಿಗುತ್ತದೆ. ಎರಡನ್ನೂ ಬೆರೆಸಿ ಒಂದು ಕಾಗೆ ಮಾಡಿದರೆ ಹಕ್ಕಿ ನೋಡುವವರು ಮೊದಲು ಅದನ್ನೇ ಹಿಡಿಯುತ್ತಾರೆ.

ಹತ್ತಿರದಿಂದ ಫೋಟೋ ಬೇಕೆಂದರೆ ಪಿತೃಪಕ್ಷಕ್ಕಿಂತ ಒಳ್ಳೆಯ ಕಾಲ ಇಲ್ಲ. ತಾರಸಿ ಮೇಲೆ ಎಡೆ ಇಟ್ಟು ಎಲ್ಲರೂ ಕಾಗೆಯ ದಾರಿ ಕಾಯುವ ದಿನ, ನೀವೂ ಮೊಬೈಲ್ ಹಿಡಿದು ಸುಮ್ನೆ ಒಂದು ಮೂಲೆಯಲ್ಲಿ ನಿಂತುಕೊಳ್ಳಿ. ಕೊಕ್ಕಿನ ಬುಡವನ್ನು ಜೂಮ್ ಮಾಡಿ ನೋಡಿದರೆ ಮೂಗಿನ ಹೊಳ್ಳೆ ಮುಚ್ಚುವಂತೆ ಸಣ್ಣ ಸಣ್ಣ ಬಿರುಸು ಕೂದಲು ಮುಂದಕ್ಕೆ ಬಾಗಿರುವುದು ಕಾಣುತ್ತದೆ. ಆ ಕೂದಲಿಗೆ ಹೊಳಪಿಲ್ಲ. ಅದರ ಪಕ್ಕದಲ್ಲೇ ಇರುವ ಕೊಕ್ಕು ಪಾಲಿಶ್ ಹಾಕಿದ ಬೂಟಿನ ಹಾಗೆ ಹೊಳೆಯುತ್ತದೆ. ಎರಡೂ ಕಪ್ಪೇ, ಆದರೂ ಗೆರೆ ಎಳೆಯದೆಯೇ ಬೇರೆ ಬೇರೆ ಕಾಣುತ್ತವೆ.

ಇಲ್ಲೇ ಮಿಕ್ಸ್ಡ್ ಮೀಡಿಯಾ ಕೈಹಿಡಿಯುವುದು. ಒಂದೇ ಟ್ಯೂಬಿನ ಕಪ್ಪಿಗೆ ಎಲ್ಲ ಕಡೆಯೂ ಒಂದೇ ಹೊಳಪು, ಅದಕ್ಕೇ ಮುದ್ದೆ. ನಿಮ್ಮ ಡಬ್ಬಿಯಲ್ಲಿ ಇನ್ನೂ ಎಷ್ಟು ಕಪ್ಪುಗಳಿವೆ ನೋಡಿ. ಇದ್ದಿಲಿನ ಕಪ್ಪು ಬೆಳಕನ್ನು ನುಂಗುತ್ತದೆ, ಹೊಳೆಯುವುದೇ ಇಲ್ಲ. 8ಬಿ ಪೆನ್ಸಿಲ್ ಒತ್ತಿ ತೀಡಿದರೆ ಲೋಹದ ಹಾಗೆ ಬೆಳ್ಳಗೆ ಮಿನುಗುತ್ತದೆ. ವಾಟರ್‌ಪ್ರೂಫ್ ಇಂಡಿಯನ್ ಇಂಕ್ ಒಣಗಿದ ಮೇಲೆ ನುಣುಪು. ಆಯಿಲ್ ಪೇಸ್ಟಲ್‌ಗೆ ಮೇಣದ ಜಿಡ್ಡು. ಬಿರುಸು ಕೂದಲಿಗೆ ಇದ್ದಿಲು, ಕೊಕ್ಕಿಗೆ ಇಂಕು, ಬೂದು ಕುತ್ತಿಗೆಗೆ ಪೆನ್ಸಿಲ್. ರೆಕ್ಕೆಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಅಂಬರ್ ಕಂದು ಕಲಸಿ. ಕಪ್ಪಿಗೆ ತೀರ ಹತ್ತಿರದ ಗಾಢ ಬಣ್ಣ ಬರುತ್ತದೆ. ನೀಲಿ ಜಾಸ್ತಿ ಮಾಡಿದರೆ ಮಿಂಚಿನ ಕಡೆ ವಾಲುತ್ತದೆ, ಅಂಬರ್ ಜಾಸ್ತಿ ಮಾಡಿದರೆ ಸವೆದ ಗರಿಯ ಕಡೆ. ಟ್ಯೂಬಿನ ಕಪ್ಪು ಬೇಕೇ ಬೇಕು ಅನಿಸಿದರೆ ಕೊನೆಯಲ್ಲಿ, ಕಣ್ಣಿನ ಸುತ್ತ ಒಂದಿಷ್ಟು.

ನೇರಳೆ ಮಿಂಚಿಗೆ ನನ್ನ ಆಯ್ಕೆ ಹಳೆಯ ಮದುವೆ ಪತ್ರಿಕೆ. ಯಾರ ಮನೆಯ ಕಪಾಟಿನಲ್ಲಿ ಒಂದು ಕಟ್ಟು ಇರುವುದಿಲ್ಲ ಹೇಳಿ? ನೀಲಿ, ನೇರಳೆ ಹೊಳೆಯುವ ಭಾಗವನ್ನು ಗರಿಯ ಉದ್ದಕ್ಕೆ ಸಣ್ಣ ಚೂರು ಮಾಡಿ ಅಂಟಿಸಿ, ಮೇಲೆ ತೆಳ್ಳಗೆ ಗಾಢ ಬಣ್ಣ ಬಳಿದು, ಒಣಗುವ ಮುಂಚೆ ಬಟ್ಟೆಯಿಂದ ಅಲ್ಲಲ್ಲಿ ಒರೆಸಿ. ನೇರ ನೋಡಿದರೆ ಕಪ್ಪು, ಪಕ್ಕಕ್ಕೆ ಸರಿದರೆ ಮಿಂಚು. ಗ್ಲಿಟರ್ ಪೆನ್ ಮಾತ್ರ ದಯವಿಟ್ಟು ಬೇಡ.

ಯಾವುದರ ಮೇಲೆ ಯಾವುದು ಅನ್ನುವುದರಲ್ಲಿ ಎಡವುವವರು ಬಹಳ. ಪೇಪರ್ ಚೂರು ಅಂಟಿಸುವುದು ಮೊದಲು. ಆಮೇಲೆ ಅಕ್ರಿಲಿಕ್, ಇಂಕು. ಇದ್ದಿಲು, ಪೆನ್ಸಿಲ್ ಅದರ ನಂತರ. ಆಯಿಲ್ ಪೇಸ್ಟಲ್ ಎಲ್ಲಕ್ಕಿಂತ ಕೊನೆ, ಏಕೆಂದರೆ ಅದು ಪೂರ್ತಿ ಒಣಗುವುದೇ ಇಲ್ಲ, ಅದರ ಮೇಲೆ ನೀರಿನ ಬಣ್ಣ ಹಿಡಿಯುವುದೂ ಇಲ್ಲ. ಇನ್ನೊಂದು ತೊಂದರೆ ಇದೆ. ಫೆವಿಕಾಲ್ ಬಳಿದ ಜಾಗ ಒಣಗಿದಾಗ ನುಣುಪಾಗುತ್ತದೆ, ಇದ್ದಿಲು ಅಲ್ಲಿ ಜಾರಿಹೋಗುತ್ತದೆ. ಇದ್ದಿಲು ಬರಬೇಕಾದ ಕಡೆ ಮೊದಲೇ ತೆಳುವಾಗಿ ಜೆಸ್ಸೊ (ಬಣ್ಣ ಹಿಡಿಯಲೆಂದು ಅಡಿಗೆ ಬಳಿಯುವ ಬಿಳಿ ಲೇಪ) ಬಳಿದುಕೊಳ್ಳಿ. ಒಂದು ತೊಟ್ಟು ಕಪ್ಪು ಅಕ್ರಿಲಿಕ್ ಬೆರೆಸಿದರೆ ಬೂದು ಜೆಸ್ಸೊ ಸಿಗುತ್ತದೆ, ಬಿಳಿ ಇಣುಕುವ ಭಯ ಇಲ್ಲ.

ಕಾಗದ ಸುರುಟಿಕೊಳ್ಳುತ್ತದೆ ಅನ್ನುವ ದೂರಿಗೆ ಮದ್ದು ಸುಲಭ. 300 ಜಿಎಸ್‌ಎಂ ದಪ್ಪದ ಕಾಗದ ತಗೊಳ್ಳಿ, ಅಂಟಿಗೆ ನೀರು ಕಡಿಮೆ ಬೆರೆಸಿ, ಒಣಗಿದ ಮೇಲೆ ಹಿಂಬದಿಗೆ ತೆಳುವಾಗಿ ನೀರು ಸವರಿ ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಿ.

ದಿನಪತ್ರಿಕೆ ಬಳಸುವುದಾದರೆ ಒಂದು ಮಾತು. ಮರದ ತಿರುಳಿನ ಆ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಇರುತ್ತದೆ, ಬೆಳಕು ಗಾಳಿ ತಾಗಿದಂತೆ ಹಳದಿಯಾಗುತ್ತದೆ. 1912ರಲ್ಲಿ ಪಿಕಾಸೊ ಚಿತ್ರಕ್ಕೆ ಅಂಟಿಸಿದ ಪತ್ರಿಕೆ ಚೂರುಗಳೂ ಇಂದು ಕಂದು ತಿರುಗಿವೆ. ನಿಮಗೆ ಅಕ್ಷರ ಬೇಕು, ಹಳದಿ ಬೇಡ ಅನ್ನುವುದಾದರೆ ಪತ್ರಿಕೆಯನ್ನು ಒಳ್ಳೆಯ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿ. ಜೆರಾಕ್ಸಿನ ಕಪ್ಪು ಪುಡಿ, ಅಂದರೆ ಟೋನರ್, ಅಂಟಿನ ನೀರಿಗೆ ಹರಡುವುದಿಲ್ಲ, ಇಂಕ್‌ಜೆಟ್ ಪ್ರಿಂಟ್ ಸಾಮಾನ್ಯವಾಗಿ ಹರಡುತ್ತದೆ. ಸಾಲುಗಳನ್ನು ಗರಿ ಹೋಗುವ ದಿಕ್ಕಿಗೇ ತಿರುಗಿಸಿ ಅಂಟಿಸಿ, ಅಡ್ಡಡ್ಡ ಬೇಡ. ಬಣ್ಣದಡಿಯಿಂದ ಇಣುಕುವ ಸಾಲುಗಳೇ ಗರಿಯಂತೆ ಕಾಣುತ್ತವೆ.

ಬಿದ್ದ ಗರಿಯನ್ನೇ ತಂದು ಅಂಟಿಸಬಹುದಾ ಅಂತಲೂ ಕೆಲವರು ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಹುಳ, ಸೋಂಕಿನ ರಗಳೆ ಒಂದು ಕಡೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಲೆನೋವು ಇನ್ನೊಂದು ಕಡೆ. ಅದಲ್ಲದೆ, ನಿಜವಾದ ಗರಿ ಪಕ್ಕದಲ್ಲಿದ್ದರೆ ನೀವು ಮಾಡಿದ ಗರಿ ಸಪ್ಪೆ ಕಾಣುತ್ತದೆ, ಅಲ್ವಾ?

ಇದೇ ಲೆಕ್ಕ ಗಂಡು ಕೋಗಿಲೆಗೂ ಸಲ್ಲುತ್ತದೆ, ಆದರೆ ಅದರ ಕಣ್ಣು ಕೆಂಪು, ಕೊಕ್ಕು ತಿಳಿ ಹಸಿರು. ಪಾರಿವಾಳದ ಕುತ್ತಿಗೆಯ ಹಸಿರು-ನೇರಳೆಗೂ ಮದುವೆ ಪತ್ರಿಕೆ ನಡೆಯುತ್ತದೆ. ಅದೂ ಗರಿಯ ರಚನೆಯಿಂದ ಹುಟ್ಟುವ ಬಣ್ಣವೇ, ಹಾಗಾಗಿ ನೋಡುವ ಕೋನ ಬದಲಾದಂತೆ ಬದಲಾಗುತ್ತದೆ.

ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗಬಾರದು. ಇದ್ದಿಲು, ಪೇಸ್ಟಲ್ ಎರಡೂ ಗಾಜಿಗೆ ಮೆತ್ತಿಕೊಳ್ಳುತ್ತವೆ. ಅಂಗಡಿಯವರಿಗೆ ನಡುವೆ ದಪ್ಪ ಮೌಂಟ್ (ರಟ್ಟಿನ ಅಂಚು) ಇಡಲು ಹೇಳಿ. ಆಮೇಲೆ ‘ಮನೇಲಿ ಕಾಗೆ ಫೋಟೋ ಯಾಕಮ್ಮಾ’ ಅಂತ ಅಜ್ಜಿ ಕೇಳಿದರೆ, ಅದಕ್ಕೆ ಉತ್ತರ ನೀವೇ ಹುಡುಕಿಕೊಳ್ಳಬೇಕು.