ಎರಡು ಹೆಸರಿನ ಊರು: ಹರ್ಮನ್ಸ್‌ಬರ್ಗ್ ಮಿಷನ್ ಟಿಪ್ಪಣಿ

ಆಸ್ಟ್ರೇಲಿಯಾದ ಮೂಲನಿವಾಸಿಗಳ ಮಿಷನ್‌ಗಳ, ಅಂದರೆ ಅವರ ನಡುವೆ ಕ್ರೈಸ್ತ ಪಾದ್ರಿಗಳು ನಡೆಸಿದ ನೆಲೆಗಳ ಬಗ್ಗೆ ಬರೆಯಿರಿ ಅಂದರೆ ಸಾಮಾನ್ಯವಾಗಿ ಎರಡೇ ಬಗೆಯ ಉತ್ತರ ಬರುತ್ತವೆ. ಮಿಷನ್‌ನವರು ಅವರ ಬದುಕನ್ನೇ ಹಾಳುಮಾಡಿದರು ಅನ್ನೋದು ಒಂದು. ಅವರಿಂದಲೇ ಜನ ಉಳಿದರು ಅನ್ನೋದು ಇನ್ನೊಂದು. ನಾನೂ ಮೊದಲ ಸಲ ಹಾಗೇ ಬರೆದಿದ್ದೆ. ಹರ್ಮನ್ಸ್‌ಬರ್ಗ್ ಬಗ್ಗೆ ಓದಿದ ಮೇಲೆ ಅಷ್ಟು ಸಲೀಸಾಗಿ ಬರೆಯೋಕೆ ಆಗಲಿಲ್ಲ.

ಊರು ಇರೋದು ಆಸ್ಟ್ರೇಲಿಯಾದ ನಡುಮಧ್ಯೆ, ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 125 ಕಿ.ಮೀ. ದೂರದಲ್ಲಿ, ಫಿಂಕ್ ನದಿಯ ದಡದಲ್ಲಿ. ನದಿ ಅಂತ ಹೆಸರೇ ಹೊರತು ವರ್ಷದ ಬಹುಪಾಲು ಅಲ್ಲಿ ಬರೀ ಮರಳು. ಇದು ಪಶ್ಚಿಮ ಅರಂಡ ಜನರ ನೆಲ. ಅವರ ಬಾಯಲ್ಲಿ ಈ ಜಾಗ ನ್ಟಾರಿಯಾ. ಹರ್ಮನ್ಸ್‌ಬರ್ಗ್ ಅನ್ನೋದು ಜರ್ಮನಿಯ ಒಂದು ಊರಿನ ಹೆಸರು. ಮಿಷನರಿಗಳಿಗೆ ತರಬೇತಿ ಆಗಿದ್ದು ಅಲ್ಲಿ.

ಕೆಂಪೆ ಮತ್ತು ಶ್ವಾರ್ಜ್ ಎಂಬ ಇಬ್ಬರು ಲುಥೆರನ್ (ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ಪಾದ್ರಿಗಳು 1875ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಬೆಥನಿಯಿಂದ ಹೊರಟರು. ಜೊತೆಗೆ ಸುಮಾರು 2,000 ಕುರಿ, ದನ, ಕುದುರೆ. ದಾರಿಯಲ್ಲಿ ನೀರಿಲ್ಲ. ಮುಟ್ಟಿದ್ದು 1877ರ ಜೂನ್‌ನಲ್ಲಿ. ಇಪ್ಪತ್ತು ತಿಂಗಳ ಪ್ರಯಾಣ!

ಅರಂಡ ಜನ ಈ ಮಿಷನ್ ಹತ್ತಿರ ಬಂದದ್ದು ಯಾಕೆ? ಪಾಠ ಕೇಳೋಕೆ ಅಂತ ಅಂದುಕೊಳ್ಳಬೇಡಿ. ಅದೇ ಕಾಲದಲ್ಲಿ ದನ ಸಾಕುವವರು ಸುತ್ತಲಿನ ನೀರಿನ ಹೊಂಡಗಳನ್ನು ಹಿಡಿದುಕೊಂಡರು. ಹಸಿದವರು ದನ ಕೊಂದರೆ ಪೊಲೀಸರು ಗುಂಡು ಹಾರಿಸುತ್ತಿದ್ದರು. ವಿಲ್‌ಶೈರ್ ಎಂಬ ಪೊಲೀಸನ ಮೇಲೆ 1891ರಲ್ಲಿ ಕೊಲೆ ಮೊಕದ್ದಮೆಯೇ ನಡೆಯಿತು, ಖುಲಾಸೆಯೂ ಆಯಿತು. ಮಿಷನ್‌ನಲ್ಲಿ ಗುಂಡಿನ ಭಯ ಕಡಿಮೆ, ಹಿಟ್ಟು ಸಿಗುತ್ತಿತ್ತು. ಆದರೆ ಹಿಟ್ಟಿನ ಜೊತೆ ಕೆಲಸ, ಶಾಲೆ, ಪ್ರಾರ್ಥನೆಯೂ ಬರುತ್ತಿತ್ತು. ಆಸರೆ ಕೊಟ್ಟವರೇ ಹಿಡಿತವನ್ನೂ ಇಟ್ಟುಕೊಂಡರು. ಉತ್ತರ ಬರೆಯುವಾಗ ಈ ಎರಡನ್ನೂ ಬೇರೆ ಬೇರೆ ಪುಟಕ್ಕೆ ಹಾಕಬೇಡಿ.

ಮೊದಲ ತಂಡ 1891ರ ಹೊತ್ತಿಗೆ ಸೋತು ಹೋಯಿತು. 1894ರಲ್ಲಿ ಕಾರ್ಲ್ ಸ್ಟ್ರೆಹ್ಲೋ ಎಂಬ ಪಾದ್ರಿ ಬಂದ. ಇವನೊಂದು ವಿಚಿತ್ರ ಆಸಾಮಿ. ಅರಂಡ ಭಾಷೆ ಚೆನ್ನಾಗಿ ಕಲಿತ, ಹಿರಿಯರ ಪಕ್ಕ ಕೂತು ಅವರ ಕಥೆ, ಹಾಡುಗಳನ್ನು ಬರೆದುಕೊಂಡ, 1907ರಿಂದ 1920ರವರೆಗೆ ಜರ್ಮನ್‌ನಲ್ಲಿ ಹಲವು ಭಾಗಗಳಲ್ಲಿ ಪ್ರಕಟಿಸಿದ. ಆದರೆ ಆ ಹಾಡು ಹಾಡುವ ಆಚರಣೆಗಳಿಗೆ ಮಾತ್ರ ಒಂದು ಸಲವೂ ಹೋಗಲಿಲ್ಲ. ಪಾದ್ರಿ ಅಲ್ಲವಾ! ಒಂದು ಕೈಯಲ್ಲಿ ಉಳಿಸಿದ್ದನ್ನೇ ಇನ್ನೊಂದು ಕೈಯಲ್ಲಿ ಬೇಡ ಅಂದವನು. ಬೈಬಲ್‌ನ ಹೊಸ ಒಡಂಬಡಿಕೆಯನ್ನು ಅರಂಡಕ್ಕೆ ತರುವಾಗ ಮೋಸೆಸ್ ಜಾಲ್ಕಬೋಟ ಮುಂತಾದ ಅರಂಡರು ಜೊತೆಗಿದ್ದರು. ಈ ಮೋಸೆಸ್ ಕುರುಡ. ಮುಂದೆ ದೂರ ದೂರ ನಡೆದು ಬೋಧನೆ ಮಾಡಿದ. ಅನುವಾದದ ಹೆಸರು ಬಂದದ್ದು ಸ್ಟ್ರೆಹ್ಲೋಗೆ, ಸಹಜವಾಗಿ. 1922ರಲ್ಲಿ ಕಾಯಿಲೆ ಬಿದ್ದಾಗ ಅವನನ್ನು ಗಾಡಿಯಲ್ಲಿ ಫಿಂಕ್ ನದಿಯ ದಾರಿ ಹಿಡಿದು ಡಾಕ್ಟರ ಹತ್ತಿರ ಕರೆದೊಯ್ದರು. ಹಾರ್ಸ್‌ಶೂ ಬೆಂಡ್ ಎಂಬಲ್ಲಿ ಪ್ರಾಣ ಹೋಯಿತು.

ಮುಂದಿನ ಭಾಗ ನೀರಿನದು, ಇದನ್ನು ಪಠ್ಯದಲ್ಲಿ ಜಾಸ್ತಿ ಹೇಳುವುದಿಲ್ಲ. 1926ರಲ್ಲಿ ಆಲ್ಬ್ರೆಕ್ಟ್ ಪಾದ್ರಿಯಾಗಿ ಬಂದ. ಬಂದ ಕೂಡಲೇ ಬರ, 1929ರವರೆಗೂ. ಹಸಿ ತರಕಾರಿ ಇಲ್ಲ, ಹಣ್ಣಿಲ್ಲ. ಸ್ಕರ್ವಿ ಬಂತು, ಅಂದರೆ ಸಿ ವಿಟಮಿನ್ ಇಲ್ಲದೆ ಒಸಡು ಊದಿ ರಕ್ತ ಸೋರುವ ಕಾಯಿಲೆ. ಎಳೆ ಮಕ್ಕಳು ಸಾಲುಸಾಲಾಗಿ ಸತ್ತರು. ಕೆಲವು ಮೈಲಿ ಆಚೆ ಕುಪ್ರಿಲ್ಯ ಅನ್ನೋ ಊಟೆಯಲ್ಲಿ ನೀರಿತ್ತು, ಪೈಪ್ ಹಾಕೋಕೆ ದುಡ್ಡಿರಲಿಲ್ಲ. ಕೊನೆಗೆ ಮೆಲ್ಬರ್ನ್‌ನ ಟೀಗ್ ಸೋದರಿಯರು ಕಲಾವಿದರಿಂದ ಚಿತ್ರ ಕೇಳಿ ಪಡೆದು, ಮಾರಿ, ಹಣ ಕೂಡಿಸಿದರು. 1935ರಲ್ಲಿ ನೀರು ಊರಿಗೆ ಬಂತು, ತೋಟ ಎದ್ದಿತು. ಸರ್ಕಾರ ಮಾಡಬೇಕಿದ್ದ ಕೆಲಸ ಚಿತ್ರ ಮಾರಿದ ದುಡ್ಡಲ್ಲಿ ಆಯಿತು ಅನ್ನೋದು ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ.

ಇದೇ ಊರಲ್ಲಿ 1902ರಲ್ಲಿ ಎಲೆಯ ಎಂಬ ಹುಡುಗ ಹುಟ್ಟಿದ್ದ. ದೀಕ್ಷಾಸ್ನಾನ ಆದಾಗ ಆಲ್ಬರ್ಟ್ ಆದ. ಮುಂದೆ ಚಿತ್ರಕಾರನಾದ ಆಲ್ಬರ್ಟ್ ನಮಜೀರ ಇವನೇ! ಮೊದಲು ಕಾದ ತಂತಿಯಿಂದ ಮರದ ಹಲಗೆಯ ಮೇಲೆ ಚಿತ್ರ ಸುಡುತ್ತಿದ್ದ. 1936ರಲ್ಲಿ ರೆಕ್ಸ್ ಬ್ಯಾಟರ್ಬಿ ಎಂಬ ಚಿತ್ರಕಾರನಿಗೆ ದಾರಿ ತೋರಿಸುತ್ತಾ, ಅವನ ಒಂಟೆ ನೋಡಿಕೊಳ್ಳುತ್ತಾ ಜಲವರ್ಣ ಕಲಿತ. 1938ರಲ್ಲಿ ಮೆಲ್ಬರ್ನ್‌ನಲ್ಲಿ ಪ್ರದರ್ಶನ; ಎಲ್ಲಾ ಚಿತ್ರವೂ ಮಾರಾಟ. ದೇಶಕ್ಕೆಲ್ಲ ಹೆಸರಾದ. ಆದರೂ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮನೆ ಕಟ್ಟಿಕೊಳ್ಳೋಕೆ ಬಿಡಲಿಲ್ಲ. ಪೂರ್ಣ ಪೌರತ್ವ ಕೊಟ್ಟದ್ದು 1957ರಲ್ಲಿ. ಅವನ ಬಂಧುಗಳಿಗೆ ಅದು ಇರಲಿಲ್ಲ, ಹಾಗಾಗಿ ಅವರಿಗೆ ಮದ್ಯ ಕೊಡುವುದು ಅಪರಾಧ. ಇದ್ದದ್ದನ್ನು ಹಂಚಿಕೊಳ್ಳುವುದು ಅರಂಡರ ರೂಢಿ. 1958ರಲ್ಲಿ ಆ ಅಪರಾಧಕ್ಕೇ ಆರು ತಿಂಗಳ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಮೂರಕ್ಕೆ ಇಳಿದು, ಪಾಪುನ್ಯ ಎಂಬ ಮೂಲನಿವಾಸಿಗಳ ಸರ್ಕಾರಿ ನೆಲೆಯಲ್ಲಿ ಎರಡು ತಿಂಗಳು ಕಳೆದ. ಮರುವರ್ಷ ತೀರಿಕೊಂಡ. ಮುಂದೆ 1983ರಲ್ಲಿ, ಸತ್ತವರ ಆಸ್ತಿ ನೋಡಿಕೊಳ್ಳುವ ಸರ್ಕಾರಿ ಟ್ರಸ್ಟಿ ಅವನ ಚಿತ್ರಗಳ ಕಾಪಿರೈಟನ್ನು 8,500 ಡಾಲರ್‌ಗೆ ಒಬ್ಬ ಪ್ರಕಾಶಕನಿಗೆ ಮಾರಿದರು. ಮೊಮ್ಮಕ್ಕಳ ಕೈಗೆ ಅದು ವಾಪಸ್ ಬಂದದ್ದು 2017ರಲ್ಲಿ, ಅವರ ಪರವಾದ ಒಂದು ಟ್ರಸ್ಟ್ ಮೂಲಕ.

ಈಗ ಹರ್ಮನ್ಸ್‌ಬರ್ಗ್‌ನಲ್ಲಿ ಸುಣ್ಣ ಬಳಿದ ಕಲ್ಲಿನ ಕಟ್ಟಡಗಳು, ಹಳೇ ಚರ್ಚು, ತೊಗಲು ಹದ ಮಾಡುತ್ತಿದ್ದ ಮನೆ, ಖರ್ಜೂರದ ಮರಗಳು ಉಳಿದಿವೆ. ಟೀ ಅಂಗಡಿಯಲ್ಲಿ ಜರ್ಮನ್ನರ ಸೇಬಿನ ಸಿಹಿತಿಂಡಿ ಸಿಗುತ್ತದೆ, ನಿಜಕ್ಕೂ. 1990ರಿಂದ ಅಲ್ಲಿನ ಹೆಂಗಸರು ಮಡಕೆ ಮಾಡಿ, ಮುಚ್ಚಳದ ಮೇಲೆ ಹಕ್ಕಿ, ಪ್ರಾಣಿ ಕೂರಿಸುತ್ತಾರೆ. ಆ ಭಾಗದ ಮೂಲನಿವಾಸಿ ಹೆಂಗಸರ ಗಾಯನ ತಂಡ 2015ರಲ್ಲಿ ಜರ್ಮನಿಗೆ ಹೋಗಿ, ಅಲ್ಲಿಂದ ಬಂದಿದ್ದ ಪ್ರಾರ್ಥನಾಗೀತೆಗಳನ್ನೇ ತಮ್ಮ ಭಾಷೆಯಲ್ಲಿ ಹಾಡಿ ಬಂತು.

ಇಸವಿಗಳಲ್ಲಿ ಎಡವಬೇಡಿ. ಜಾಸ್ತಿ ಜನ ತಪ್ಪೋದು ಇಲ್ಲೇ. ಮೂಲನಿವಾಸಿಗಳ ಭೂಹಕ್ಕು ಕಾಯ್ದೆ 1976ರದು. ಅದರಂತೆ ಮಿಷನ್‌ನ ಭೂಮಿ ಅರಂಡರಿಗೆ ಮರಳಿದ್ದು 1982ರಲ್ಲಿ. ಹಳೇ ಕಟ್ಟಡಗಳ ಆವರಣ ರಾಷ್ಟ್ರೀಯ ಪರಂಪರೆ ಪಟ್ಟಿಗೆ ಸೇರಿದ್ದು 2006ರಲ್ಲಿ. ನಕ್ಷೆ ಕೇಳಿದರೆ ಎರಡೂ ಹೆಸರು ಬರೆಯಿರಿ, ನ್ಟಾರಿಯಾ ಮೊದಲು.